ಸುರಪುರದ ಟೇಲರ್ ಸಾಹೇಬ

ಹದಿನೈದರ ಹರೆಯದಲ್ಲಿ ಊರು ಬಿಟ್ಟು, ಮುಂಬಯಿಯನ್ನು ಸೇರಿ, ಅಲ್ಲಿಂದ ಸೂರತಿಗೋ ಬಡೋದೆಗೋ ಅಹಮದಾಬಾದಿಗೋ ಬಂದು, ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿಯಲ್ಲಿ ಇಲ್ಲವೆ ಪೇಢಿಯ ಲೆಕ್ಕದ ಪುಸ್ತಕದ ಮುಂದೆ ಬಾಳನ್ನು ಆರಂಭಿಸಿದವರು ನಮ್ಮವರಲ್ಲಿ ಅನೇಕರು. ಅದೇ ವಯಸ್ಸಿನಲ್ಲಿ, ಬಹುಮಟ್ಟಿಗೆ ಅದೇ ಕಾರಣಕ್ಕಾಗಿ, ಮುಂಬಯಿಯ ಬಂದರಿನಲ್ಲಿ ಬಂದಿಳಿದ ಇಂಗ್ಲಿಷ್ ಹುಡುಗನೊಬ್ಬನಿದ್ದನು. ಮುಂದೆ ಅವನು ಕನ್ನಡ ನಾಡಿನ ಒಂದು ಸಂಸ್ಥಾನದ ಆಡಳಿತವನ್ನು ನಡೆಸಿದನು. ಸಾಹಸಕಥೆಗಳ ಕಾದಂಬರಿಕಾರನೆಂದು ವಿಲಾಯತಿಯಲ್ಲಿ ಹೆಸರು ಗಳಿಸಿದನು. ಅವನೇ ಫಿಲಿಪ್ ಮೆಡೋಸ್ ಟೇಲರ್.

ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದನು. ವ್ಯಾಪಾರಿಯಾದ ತಂದೆಗೆ ಕೈ ಕಟ್ಟಿಹೋದುದರಿಂದ ಹುಡುಗನ ಶಾಲೆ ಬೇಗನೆ ಮುಗಿಯಿತು. ಅವನು ಕಚೇರಿಯೊಂದರಲ್ಲಿ ದುಡಿಯತೊಡಗಿದನು. ಮುಂಬಯಿಯ ಬ್ಯಾಕ್ಸ್ಟರ್ ಎಂಬ ವರ್ತಕನು, ತನ್ನಲ್ಲಿಗೆ ಬಂದು ಗುಮಾಸ್ತನಾಗಿ ಕೆಲಸ ಕಲಿತರೆ ಪ್ರಾಯ ತುಂಬಿದ ಮೇಲೆ ಪಾಲುದಾರನನ್ನಾಗಿ ಮಾಡಿಕೊಳ್ಳುವೆನೆಂದು ಆಸೆ ತೋರಿಸಿದನು. 1824ರಲ್ಲಿ ಹಡಗಿನಿಂದ ಇಳಿದು ನೋಡಿದರೆ ಆ ಅಂಗಡಿಯೇ ದಿವಾಳಿಯ ಅಂಚಿನಲ್ಲಿ ನಿಂತಿತ್ತು. ಇಂಥ ಮಾತನ್ನು ನಂಬಿ ಪರಸ್ಥಳಕ್ಕೆ ಬಂದು ಪೆಚ್ಚಾದವರಿಗೆ ಆ ಹುಡುಗನ ಮನಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನ ಪುಣ್ಯಕ್ಕೆ ಸರಕಾರದ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬನು ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅವನಿಗೊಂದು ಕೆಲಸ ಕೊಡಿಸಿದನು.

ಹದಿನಾರರ ಆ ಸಿಪಾಯಿಯು ವ್ಯರ್ಥವಾಗಿ ಕಾಲ ಕಳೆಯಲಿಲ್ಲ. ಹಿಂದುಸ್ತಾನಿ, ಮರಾಠಿ, ಪಾರಸಿಗಳನ್ನು ಕಲಿತನು. ಭೂಮಾಪನವನ್ನೂ ಕಾಯಿದೆಯನ್ನೂ ಪುಸ್ತಕಗಳಿಂದಲೇ ಅಭ್ಯಾಸ ಮಾಡಿದನು. ಇಪ್ಪತ್ತರ ಆಸುಪಾಸಿನಲ್ಲಿಯೇ ಪೋಲೀಸು ಅಧಿಕಾರವು ಅವನ ಕೈಗೆ ಬಂದಿತು. ದಾರಿಹೋಕರ ಗೆಳೆತನ ಬೆಳೆಸಿ, ಕರವಸ್ತ್ರದಿಂದ ಕುತ್ತಿಗೆ ಬಿಗಿದು ಕೊಂದು, ಹೆಣವನ್ನು ಹೂಳುತ್ತಿದ್ದ ಠಕ್ಕರ ಸುಳಿವು ಅವನಿಗೆ ದೊರೆತದ್ದು ಆ ಕಾಲದಲ್ಲಿಯೇ. ಶೋಧವು ಪೂರ್ಣವಾಗುವ ಮೊದಲೇ ಅವನನ್ನು ಬೇರೆ ಕೆಲಸಕ್ಕೆ ಕರೆಸಿಕೊಂಡರು. ಠಕ್ಕರನ್ನು ಬಯಲಿಗೆಳೆದ ಕೀರ್ತಿಯು ಸ್ಲೀಮನ್ ಎಂಬ ಅಧಿಕಾರಿಗೆ ಸಂದಿತು. ಟೇಲರನಿಗೆ ಈ ಕೊರಗು ಬಹುಕಾಲ ಉಳಿಯಿತು. ಆದರೆ ಮುಂದೆ ಮಾಫಿಯ ಸಾಕ್ಷಿಗಳಾದ ಠಕ್ಕರ ಹೇಳಿಕೆಗಳನ್ನು ಕುಳಿತು ಕೇಳಿದವನು ಇವನೇ. ಅದರ ಫಲವಾಗಿ 1839ರಲ್ಲಿ 'ಕನ್ಫೆಶನ್ಸ್ ಆಫ್ ಎ ಥಗ್' ಎಂಬ ಕಾದಂಬರಿಯು ಹೊರಬಿದ್ದಿತು. ಅದರ ನಾಯಕನಾದ ಅಮೀರ ಅಲಿಯು ತಾನು 719 ಕೊಲೆಗಳಲ್ಲಿ ಭಾಗಿಯೆಂದು ಜಂಬದಿಂದಲೇ ಒಪ್ಪಿಕೊಳ್ಳುತ್ತಾನೆ. ಲಂಡನ್ನಿನಲ್ಲಿ ಪುಸ್ತಕಕ್ಕೆ ಎಲ್ಲಿಲ್ಲದ ಬೇಡಿಕೆಯಾಯಿತು. ತರುಣಿ ರಾಣಿ ವಿಕ್ಟೋರಿಯಳೂ ಅದನ್ನು ಕುತೂಹಲದಿಂದ ಓದಿದಳು.

ರಜೆ ಮುಗಿಸಿ ಹಿಂದಿರುಗಿದವನನ್ನು 1841ರಲ್ಲಿ ಸುರಪುರಕ್ಕೆ ಕಳುಹಿಸಿದರು. ಈಗ ಯಾದಗಿರಿ ಜಿಲ್ಲೆಗೆ ಸೇರಿದ ಈ ಊರು ಅಂದು ಬೇಡ ನಾಯಕರ ಸಂಸ್ಥಾನದ ರಾಜಧಾನಿಯಾಗಿತ್ತು. ಸಂಸ್ಥಾನದ ತಲೆಯ ಮೇಲೆ ಸಾಲ, ಅರಮನೆಯಲ್ಲಿ ಒಳಜಗಳ. ರಾಜ ಕೃಷ್ಣಪ್ಪನಾಯಕನು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ವೆಂಕಟಪ್ಪನಾಯಕನು ಇನ್ನೂ ಎಳೆಯ ಬಾಲಕ. ರಾಣಿ ಈಶ್ವರಮ್ಮನು ಆಂಗ್ಲರಿಗೆ ಬಗ್ಗುವವಳಾಗಿರಲಿಲ್ಲ. ಇವರೆಲ್ಲರ ನಡುವೆ ಟೇಲರನು ಆಡಳಿತವನ್ನು ಕೈಗೆತ್ತಿಕೊಂಡು ಕೆರೆಗಳನ್ನು ದುರಸ್ತಿ ಮಾಡಿಸಿದನು, ಲೆಕ್ಕವನ್ನು ಸರಿಪಡಿಸಿದನು, ಗುಡ್ಡದ ಮೇಲೆ ಬಂಗಲೆಯನ್ನು ಕಟ್ಟಿಸಿದನು. ಟೇಲರ್ ಮಂಜಿಲ್ ಎಂಬ ಹೆಸರಿನ ಆ ಬಂಗಲೆಯು ಇಂದಿಗೂ ಇದೆ. ಮೆಡೋಸ್ ಎಂಬ ಹೆಸರು ನಾಲಗೆಗೆ ಹೊರಳದ ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಸುತ್ತಲಿನ ಬಯಲಿನಲ್ಲಿದ್ದ ಪುರಾತನ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ವಿದ್ವಾಂಸರ ಗಮನಕ್ಕೆ ತಂದವನೂ ಇವನೇ.

ಬಾಲರಾಜನನ್ನು ಅವನು ಓದಿಸಿದನು, ಬೆಳೆಸಿದನು. ಹುಡುಗನೂ ಅವನನ್ನು ಅಪ್ಪನೆಂದೇ ಕರೆಯುತ್ತಿದ್ದನು. ರಾಜನಿಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವಿದೆಯೆಂದು ಜಾತಕದಲ್ಲಿ ಬರೆದಿರುವುದಾಗಿ ರಾಣಿಯು ಕಾಯಿಲೆ ಬಿದ್ದಾಗ ಗುಟ್ಟಾಗಿ ತಿಳಿಸಿದಳೆಂದು ಟೇಲರನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಜಾತಕವನ್ನು ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು.

1853ರಲ್ಲಿ ರಾಜನು ಪ್ರಾಪ್ತವಯಸ್ಕನಾದನು. ಟೇಲರನು ಅಧಿಕಾರವನ್ನು ಒಪ್ಪಿಸಿ ನಳದುರ್ಗಕ್ಕೆ ಹೊರಟುಹೋದನು. ಕೆಲವೇ ವರ್ಷಗಳಲ್ಲಿ ಬೊಕ್ಕಸ ಬರಿದಾಯಿತು. 1857ರ ಕಿಚ್ಚು ಹೊತ್ತಿದಾಗ ಟೇಲರನು ವರ್ಹಾಡಿನಲ್ಲಿ ದಂಡಿನ ಬೆಂಬಲವಿಲ್ಲದೆಯೇ ಜಿಲ್ಲೆಯನ್ನು ಶಾಂತವಾಗಿರಿಸಿಕೊಂಡಿದ್ದನು. ಇತ್ತ ಅವನು ಸಾಕಿದ ಹುಡುಗನು ಆಂಗ್ಲರ ವಿರುದ್ಧ ಕತ್ತಿ ಹಿರಿದನು. 1858ರ ಫೆಬ್ರವರಿಯಲ್ಲಿ ಸುರಪುರದ ಬಳಿ ಕಾಳಗವಾಯಿತು. ಆಂಗ್ಲರ ಕ್ಯಾಪ್ಟನ್ ನ್ಯೂಬೆರಿ ಮಡಿದನು. ರಾಜನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಪಾರಾಗಿ ಹೋದನು. ಅಲ್ಲಿ ಸೆರೆ ಸಿಕ್ಕಿದನು.

ಸಿಕಂದರಾಬಾದಿನ ಸೆರೆಮನೆಗೆ ಟೇಲರನು ಹೋದನು. ಬಂದವನು ತಂದೆಯಂತಿದ್ದವನೂ ಹೌದು, ಸರಕಾರದವನೂ ಹೌದು. ಹುರಿದುಂಬಿಸಿದವರ ಹೆಸರುಗಳನ್ನು ಹೇಳಿದರೆ ಶಿಕ್ಷೆ ಸಡಿಲವಾದೀತೆಂಬ ಸಂದೇಶವನ್ನು ಅವನೇ ಹೊತ್ತಿದ್ದನು. ರಾಜನು ಅವನನ್ನು ಅಪ್ಪಿಕೊಂಡು ಅತ್ತನು. ಆದರೆ ಹೆಸರುಗಳನ್ನು ಹೇಳಲಿಲ್ಲ. ಕಳ್ಳನಂತೆ ಗಲ್ಲಿಗೇರಿಸದೆ ತೋಪಿನ ಬಾಯಿಗೆ ಕಟ್ಟಿರೆಂದು ಮಾತ್ರ ಬೇಡಿಕೊಂಡನು. ಇದೆಲ್ಲವನ್ನೂ ಟೇಲರನೇ ಬರೆದಿಟ್ಟಿದ್ದಾನೆ. ತಾನು ಸೋತ ಭೇಟಿಯನ್ನು ಮರೆಮಾಚದೆ ದಾಖಲಿಸಿದ ಆ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು; ಸ್ವಾಮಿನಿಷ್ಠೆಗೂ ಮಮತೆಗೂ ನಡುವೆ ಅವನು ಕೊನೆಗೆ ಯಾವುದನ್ನು ಆರಿಸಿಕೊಂಡನೆಂಬುದನ್ನೂ ಮರೆಯಬಾರದು.

ಮರಣದಂಡನೆಯು ಮೊದಲು ಗಡೀಪಾರಿಗೂ ಆಮೇಲೆ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೂ ಇಳಿಯಿತು. ನಡತೆ ಸುಧಾರಿಸಿದರೆ ಸಂಸ್ಥಾನ ಮರಳಿ ದೊರೆಯುವ ಆಸೆಯೂ ಇತ್ತು. ಆದರೆ ಕರೆದೊಯ್ಯುವ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾದನು. ತಾನಾಗಿ ಹೊಡೆದುಕೊಂಡನೋ, ಆಕಸ್ಮಿಕವೋ ಎಂಬುದು ಇತ್ಯರ್ಥವಾಗಲಿಲ್ಲ. ಈ ಎರಡನ್ನೂ ನಂಬದವರು ನಮ್ಮಲ್ಲಿದ್ದಾರೆ. ಅವನಿಗೆ ನಡೆಯುತ್ತಿದ್ದುದು, ಟೇಲರನ ಎಣಿಕೆಯಂತೆ, ಇಪ್ಪತ್ತನಾಲ್ಕನೆಯ ವರ್ಷ.

ಮತ್ತೆ ಸುರಪುರದ ಆಡಳಿತವು ಟೇಲರನ ಪಾಲಿಗೆ ಬಂದಿತು. ಹುಡುಗನಿಲ್ಲದ ಊರಿನಲ್ಲಿ ಅವನು ಬಹುಕಾಲ ಉಳಿಯಲಿಲ್ಲ. ದೇಹಸ್ಥಿತಿ ಕೆಟ್ಟು 1860ರಲ್ಲಿ ನಿವೃತ್ತನಾದನು. ಸಂಸ್ಥಾನವು ನಿಜಾಮನ ವಶವಾಯಿತು.

ಸ್ವದೇಶದಲ್ಲಿ ಲೇಖನಿ ಹಿಡಿದು ಕುಳಿತವನು ನೂರು ನೂರು ವರ್ಷಗಳ ಅಂತರದ ಮೂರು ಕಾದಂಬರಿಗಳನ್ನು ಬರೆದನು. 'ತಾರಾ' ಶಿವಾಜಿ ಮತ್ತು ಅಫಜಲಖಾನರ ಕಾಲದ್ದು, 'ರಾಲ್ಫ್ ಡಾರ್ನೆಲ್' ಪ್ಲಾಸಿಯ ಕಾಲದ್ದು, 'ಸೀತಾ' 1857ರದು. 'ಸೀತಾ'ದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನು ಹಿಂದೂ ವಿಧವೆಯನ್ನು ವರಿಸುತ್ತಾನೆ. ಟೇಲರನ ಸ್ವಂತ ಮಡದಿಯೂ ಹೈದರಾಬಾದಿನ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಈ ದೇಶದವಳು. ಸುರಪುರದ ದುರಂತವನ್ನು ಮಾತ್ರ ಅವನು ಕಾದಂಬರಿಯಾಗಿಸಲಿಲ್ಲ, ಆತ್ಮಕಥೆಗೆಂದು ತೆಗೆದಿರಿಸಿದನು.

1875ರಲ್ಲಿ ಕಣ್ಣು ಮಂಜಾದ ಮುದುಕನು ಚಳಿಗಾಲವನ್ನು ಕಳೆಯಲು ಮತ್ತೊಮ್ಮೆ ಹಿಂದುಸ್ತಾನಕ್ಕೆ ಬಂದನು. ಜ್ವರ ಹಿಡಿದು ಮರಳಿದನು. 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್ ಎಂಬ ಊರಿನಲ್ಲಿ ತೀರಿಕೊಂಡನು. ಮರುವರ್ಷ ಮಗಳು ಆತ್ಮಕಥೆಯನ್ನು ಅಚ್ಚು ಹಾಕಿಸಿದಳು. ಅದರ ಮರುವರ್ಷ ಚಾಂದಬೀಬಿಯನ್ನು ಕುರಿತ ಕೊನೆಯ ಕಾದಂಬರಿಯೂ ಹೊರಬಂದಿತು. ಅದರ ಕಥೆ ಆರಂಭವಾಗುವುದು ಸುರಪುರದ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಬೇಡರ ನಡುವೆ.