ವಚನ ಪಿತಾಮಹ ಹಳಕಟ್ಟಿ

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಅರಿವೆಯಲ್ಲಿ ಸುತ್ತಿದ ಕಟ್ಟೊಂದು ಇರುತ್ತಿತ್ತು. ಹಬ್ಬದ ದಿನ ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಕೈಮುಗಿದು ಮತ್ತೆ ಅಲ್ಲಿಯೇ ಇಡುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ವಿರಳವಾಗಿದ್ದರು. ಅರಿವೆಯೊಳಗೆ ಎರಡು ಮರದ ಹಲಗೆಗಳು, ಅವುಗಳ ನಡುವೆ ದಾರ ಪೋಣಿಸಿದ ತಾಳೆಯ ಗರಿಗಳು, ಆ ಗರಿಗಳ ಮೇಲೆ ಹನ್ನೆರಡನೆಯ ಶತಮಾನದ ಶಿವಶರಣರ ನುಡಿಗಳು. ಪೂಜೆಯಿಂದ ಹುಳುಗಳು ದೂರವಾಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಗರಿಗಳು ಒಣಗಿ ಮುರಿಯುತ್ತಿದ್ದವು; ಮನೆಯವರಿಗೆ ಅದರ ಅರಿವೂ ಇರಲಿಲ್ಲ. ಇಂತಹ ಕಟ್ಟುಗಳನ್ನು ಹುಡುಕಿ ತಂದು, ಓದಿ, ಅಚ್ಚು ಮಾಡಿಸಿ ಕನ್ನಡಿಗರ ಕೈಗಿತ್ತವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಹಗಾರರು, ತಾಯಿ ದಾನಾದೇವಿ. ಪುಸ್ತಕಗಳ ನಡುವೆ ಬೆಳೆದ ಬಾಲಕನಿಗೆ ಓದಿನ ಗೀಳು ಮನೆಯಲ್ಲಿಯೇ ಹತ್ತಿತು. ಧಾರವಾಡದಲ್ಲಿ ಶಾಲಾ ಶಿಕ್ಷಣ ಮುಗಿಸಿ ಅವರು ಮುಂಬಯಿಗೆ ಹೋದರು. ಆಗ ಧಾರವಾಡ, ಬಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಉನ್ನತ ವ್ಯಾಸಂಗಕ್ಕೆ ಈ ಭಾಗದ ತರುಣರು ಆ ಮಹಾನಗರವನ್ನು ಸೇರುವುದು ವಾಡಿಕೆಯಾಗಿತ್ತು. ಅಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಯ ಬಗ್ಗೆ ತಾಳಿದ್ದ ಅಭಿಮಾನ ಅವರ ಕಣ್ಣಿಗೆ ಬಿತ್ತು. ಮುಂದೆ ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಆಲೂರ ವೆಂಕಟರಾಯರ ಗೆಳೆತನವೂ ದೊರೆಯಿತು. ಕನ್ನಡಕ್ಕೆ ತಾನೇನು ಮಾಡಬಲ್ಲೆನೆಂಬ ಪ್ರಶ್ನೆ ಅಲ್ಲಿಯೇ ಮೊಳೆಯಿತು. 1904ರಲ್ಲಿ ಕಾನೂನು ಪದವಿ ಪಡೆದು, ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ಬಿಜಾಪುರದಲ್ಲಿ ವಕೀಲಿ ಆರಂಭಿಸಿದರು. ಇಂದು ವಿಜಯಪುರವೆಂದು ಕರೆಯಲ್ಪಡುವ ಆ ಊರೇ ಅವರ ಕೊನೆಯವರೆಗಿನ ಕರ್ಮಭೂಮಿಯಾಯಿತು.

ರಬಕವಿ–ಬನಹಟ್ಟಿಯ ಕಡೆಯ ಮನೆಯೊಂದರಲ್ಲಿ ಕೆಲವು ವಚನದ ಓಲೆಗಳನ್ನು ಕಂಡುದು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಅಷ್ಟು ಸರಳವಾದ ಕನ್ನಡದಲ್ಲಿ ಅಷ್ಟು ಆಳವಾದ ವಿಚಾರ ಅಡಗಿರುವುದನ್ನು ಕಂಡು ತರುಣ ವಕೀಲರು ಬೆರಗಾದರು. ಇನ್ನೆಷ್ಟು ಮನೆಗಳಲ್ಲಿ, ಎಷ್ಟು ಮಠಗಳಲ್ಲಿ ಇಂತಹ ಓಲೆಗಳು ಉಳಿದಿರಬಹುದು? ಎಷ್ಟು ಆಗಲೇ ಹುಡಿಯಾಗಿರಬಹುದು? ಅಂದಿನಿಂದ ವಕೀಲಿಯಲ್ಲಿ ಬಿಡುವು ದೊರೆತಾಗಲೆಲ್ಲ ಹಳ್ಳಿಯಿಂದ ಹಳ್ಳಿಗೆ ಅಲೆಯುವುದು ಅವರ ವ್ರತವಾಯಿತು. ಓಲೆಗರಿ ಪಡೆಯುವುದು ಸುಲಭದ ಮಾತಲ್ಲ. ಹಿರಿಯರು ಪೂಜಿಸಿಕೊಂಡು ಬಂದ ಕಟ್ಟನ್ನು ಪರರ ಕೈಗೆ ಯಾರು ತಾನೆ ಕೊಟ್ಟಾರು? ಬೇಡಿ, ಒಲಿಸಿ, ಕೊಡಲೊಪ್ಪದಿದ್ದಲ್ಲಿ ನಕಲು ಮಾಡಿಕೊಂಡು ಅವರು ಮುಂದುವರಿದರು. ಹೀಗೆ ಕಲೆಹಾಕಿದ ಕಟ್ಟುಗಳು ಸುಮಾರು ಒಂದು ಸಾವಿರವೆಂದು ಹೇಳುತ್ತಾರೆ.

ಓಲೆ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಿಜವಾಗಿ ಅಲ್ಲಿಂದಲೇ ಅದು ಮೊದಲಾಗುತ್ತದೆ. ಓಲೆಯ ಮೇಲೆ ಬರೆಯುವುದು ಮಸಿಯಿಂದಲ್ಲ, ಕಂಟವೆಂಬ ಮೊನೆಯಾದ ಕಬ್ಬಿಣದ ಲೇಖನಿಯಿಂದ. ಅದು ಗರಿಯ ಮೈಯನ್ನು ಗೀರುತ್ತದೆ; ಗೀರಿದ ಗೆರೆಗಳಲ್ಲಿ ಕಾಡಿಗೆ ತುಂಬಿದಾಗ ಅಕ್ಷರಗಳು ಕಪ್ಪಾಗಿ ಎದ್ದು ಕಾಣುತ್ತವೆ. ಕಾಲ ಕಳೆದಂತೆ ಆ ಕಪ್ಪು ಅಳಿದುಹೋಗಿ ಬರಿಯ ಗೀರು ಉಳಿಯುತ್ತದೆ. ಹಳೆಯ ಓಲೆಯನ್ನು ಓದಬೇಕಾದರೆ ಧೂಳನ್ನು ಮೆಲ್ಲನೆ ಒರೆಸಿ, ಎಣ್ಣೆ ಸವರಿ ಗರಿಯನ್ನು ಮೆದುಗೊಳಿಸಿ, ಮತ್ತೆ ಕಪ್ಪು ತುಂಬಬೇಕು. ಅವಸರ ಮಾಡಿದರೆ ಗರಿ ಬೆರಳ ನಡುವೆಯೇ ಮುರಿಯುತ್ತದೆ. ಅಕ್ಷರ ಕಂಡ ಮೇಲೂ ತೊಡಕು ತಪ್ಪದು. ಪದಗಳ ನಡುವೆ ತೆರಪಿಲ್ಲ, ಹೊಸ ವಚನ ಹೊಸ ಸಾಲಿನಿಂದ ಆರಂಭವಾಗುವುದಿಲ್ಲ. ನಕಲು ಮಾಡಿದವನು ಒಂದು ಸಾಲನ್ನು ಬಿಟ್ಟಿರಬಹುದು, ಇಲ್ಲವೆ ತನ್ನದೊಂದನ್ನು ಸೇರಿಸಿರಬಹುದು. ಒಂದೇ ವಚನದ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಹೋಲಿಸದೆ ಸರಿಯಾದ ಪಾಠ ದೊರೆಯುವುದಿಲ್ಲ. ಈ ಕತ್ತಲೆಯಲ್ಲಿ ದಾರಿ ತೋರುವ ದೀಪವೆಂದರೆ ವಚನದ ಅಂಕಿತ. ಕೂಡಲಸಂಗಮದೇವನ ಹೆಸರಿದ್ದರೆ ಬಸವಣ್ಣನವರದು, ಗುಹೇಶ್ವರನ ಹೆಸರಿದ್ದರೆ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನನ ಹೆಸರಿದ್ದರೆ ಅಕ್ಕಮಹಾದೇವಿಯದು. ಪರಿಚಿತವಲ್ಲದ ಅಂಕಿತ ಎದುರಾದರೆ ಅದರ ಹಿಂದೆ ಮರೆತುಹೋದ ಶರಣನೊಬ್ಬನೋ ಶರಣೆಯೊಬ್ಬಳೋ ಇದ್ದಾರೆಂದೇ ಅರ್ಥ. ಹಳಕಟ್ಟಿಯವರಿಗೆ ಮುಂಚೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿತ್ತು. ಅವರ ಶೋಧನೆಯಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು.

1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. ಕರ್ತೃಗಳ ಹೆಸರಿನಂತಲ್ಲದೆ ವಿಷಯಕ್ಕನುಗುಣವಾಗಿ ವಚನಗಳನ್ನು ಅಲ್ಲಿ ಜೋಡಿಸಲಾಗಿತ್ತು. ಆದರೆ ಕೈಯಲ್ಲಿದ್ದ ರಾಶಿಯ ಮುಂದೆ ಒಂದು ಪುಸ್ತಕವೆಂದರೆ ಎಷ್ಟರದು? ಪರರ ಮುದ್ರಣಾಲಯವನ್ನು ನೆಚ್ಚಿ ಕುಳಿತರೆ ತಮ್ಮ ಆಯುಷ್ಯದಲ್ಲಿ ಕೆಲಸ ಮುಗಿಯದೆಂಬುದು ಅವರಿಗೆ ಮನವರಿಕೆಯಾಯಿತು. ಅಚ್ಚಿನ ಯಂತ್ರಕ್ಕೆ ಹಣ ಬೇಕು; ಇದ್ದುದು ವಾಸದ ಮನೆಯೊಂದು. ಅದನ್ನೇ ಮಾರಿ 1925ರಲ್ಲಿ ಬಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಸಂಸಾರ ಬಾಡಿಗೆಯ ಮನೆಗೆ ಹೋಯಿತು. ಪತ್ನಿ ಭಾಗೀರಥಿಯವರೂ ಮಕ್ಕಳೂ ಇದರಿಂದ ಪಟ್ಟ ಪಾಡು ಸಣ್ಣದಾಗಿರಲಾರದು. ಹಳಕಟ್ಟಿಯವರ ತ್ಯಾಗವನ್ನು ಹೊಗಳುವವರು ಇದನ್ನು ಮರೆಯುವುದುಂಟು.

1926ರಲ್ಲಿ 'ಶಿವಾನುಭವ' ಪತ್ರಿಕೆಯೂ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆಯೂ ಹುಟ್ಟಿದವು. ಅಂದಿನ ಅಚ್ಚಿನ ಕೆಲಸವೆಂದರೆ ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲುಗಟ್ಟುವುದು. ಕಾಗುಣಿತ, ಒತ್ತಕ್ಷರಗಳಿಂದಾಗಿ ಕನ್ನಡಕ್ಕೆ ಬೇಕಾಗುವ ಮೊಳೆಗಳೂ ಬಹಳ, ಆಗುವ ತಪ್ಪುಗಳೂ ಬಹಳ. ಲೇಖನ ಬರೆಯುವುದು, ಓಲೆಯ ಪಾಠ ತಿದ್ದುವುದು, ಕರಡು ನೋಡುವುದು, ಚಂದಾದಾರರ ಲೆಕ್ಕ ಇಡುವುದು ಎಲ್ಲವೂ ಬಹುಮಟ್ಟಿಗೆ ಅವರೊಬ್ಬರ ಹೆಗಲಿನ ಮೇಲೆಯೇ ಬಿದ್ದಿತ್ತು. ಚಂದಾದಾರರು ಕೆಲವರೇ. ವಕೀಲಿಯ ಗಳಿಕೆ ಮುದ್ರಣಾಲಯಕ್ಕೆ ಹರಿಯಿತು. ಮುದ್ರಣಾಲಯದ ಕೆಲಸ ಹೆಚ್ಚಿದಂತೆ ವಕೀಲಿಯ ಗಳಿಕೆಯೇ ಕುಗ್ಗಿತು. ಹಾಗಿದ್ದರೂ 'ಶಿವಾನುಭವ' ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. 1930ರಲ್ಲಿ 'ಶೂನ್ಯಸಂಪಾದನೆ' ಬೆಳಕು ಕಂಡಿತು. ಹರಿಹರನ ರಗಳೆಗಳೂ ಅವರಿಂದ ಪ್ರಕಟವಾದವು. ಅವರ ಸಂಪಾದನೆಗಳಲ್ಲಿ ಲೋಪಗಳಿಲ್ಲವೆಂದಲ್ಲ. ಮುಂದಿನ ವಿದ್ವಾಂಸರು ಇನ್ನೂ ಹೆಚ್ಚಿನ ಪ್ರತಿಗಳನ್ನು ಹೋಲಿಸಿ ಹಲವೆಡೆ ತಿದ್ದಿದ್ದಾರೆ. ಆದರೆ ತಿದ್ದುವುದಕ್ಕೂ ಮೊದಲೊಂದು ಪುಸ್ತಕ ಕೈಯಲ್ಲಿರಬೇಕಷ್ಟೆ.

ಇಷ್ಟರ ನಡುವೆ ಊರಿನ ಕೆಲಸಗಳಿಂದ ಅವರು ದೂರ ಉಳಿಯಲಿಲ್ಲ. 1910ರಲ್ಲಿ ಜಿಲ್ಲೆಯ ಮಕ್ಕಳ ವಿದ್ಯೆಗಾಗಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ, ಎರಡು ವರ್ಷಗಳ ಬಳಿಕ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟುವಲ್ಲಿ ಮುಂದಾದರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ದೊಡ್ಡ ಸಂಸ್ಥೆಗಳನ್ನು ಹುಟ್ಟುಹಾಕಿದ ಇವರ ಸ್ವಂತ ಕೋಟು ಮಾತ್ರ ಹಳೆಯದಾಗಿ ಹರಿದಿರುತ್ತಿತ್ತು.

ಕವಿ ಬಿ.ಎಂ. ಶ್ರೀಕಂಠಯ್ಯನವರು ಒಮ್ಮೆ ಬಿಜಾಪುರಕ್ಕೆ ಬಂದರು. ಊರವರು ಲೋಕವಿಖ್ಯಾತವಾದ ಗೋಳಗುಮ್ಮಟವನ್ನು ತೋರಿಸಲು ಮುಂದಾದರಂತೆ. ಅವರಾದರೋ ಮೊದಲು ವಚನಗುಮ್ಮಟವನ್ನು ನೋಡಬೇಕೆಂದು ಹೇಳಿ ನೇರವಾಗಿ ಹಳಕಟ್ಟಿಯವರ ಬಳಿಗೆ ನಡೆದರಂತೆ. ಆ ಹೆಸರು ಜನರ ಬಾಯಲ್ಲಿ ಉಳಿಯಿತು. ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿದ 1956ರ ಹೊತ್ತಿಗೆ ಅವರಿಗೆ ಎಪ್ಪತ್ತಾರು ವರ್ಷ. ಅಲ್ಲಿಯವರೆಗೆ ಬಡತನ ಅವರ ಬೆನ್ನು ಬಿಟ್ಟಿರಲಿಲ್ಲ; ಅವರೂ ಕೆಲಸವನ್ನು ಬಿಟ್ಟಿರಲಿಲ್ಲ.

1964ರ ಜೂನ್ 29ರಂದು ಹಳಕಟ್ಟಿಯವರು ಬಿಜಾಪುರದಲ್ಲಿ ತೀರಿಕೊಂಡರು. ಎಂಬತ್ತನಾಲ್ಕು ತುಂಬಲು ಮೂರೇ ದಿನ ಉಳಿದಿತ್ತು. ಆ ಜುಲೈ 2ನೆಯ ದಿನವನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತಾರೆ. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ.