ಕೀಟಲೋಕದ ತಪಸ್ವಿ ಫಾಬ್ರ್

ಮಳೆಗಾಲದ ಮೊದಲ ದಿನಗಳಲ್ಲಿ ದನಗಳು ಮೇಯುವ ಬಯಲಿನಲ್ಲಿ, ಸಗಣಿಯ ಉಂಡೆಯೊಂದನ್ನು ಹಿಂಗಾಲುಗಳಿಂದ ಉರುಳಿಸಿಕೊಂಡು ಹೋಗುವ ಕಪ್ಪು ಹುಳುವನ್ನು ನೀವು ನೋಡಿರಬಹುದು. ನೋಡಿ, ನಕ್ಕು, ಮುಂದೆ ಹೋಗಿರಲೂಬಹುದು. ಅಂತಹ ಅಲ್ಪ ಜೀವಿಯ ಎದುರಿಗೆ ಗಂಟೆಗಟ್ಟಲೆ ಕುಳಿತು, ಅದರ ಬಾಳಿನ ಗುಟ್ಟನ್ನು ಅರಿಯಲು ಹಲವು ವರ್ಷಗಳನ್ನು ಸವೆಸಿದ ಶಿಕ್ಷಕನೊಬ್ಬನಿದ್ದನು. ಅವನೇ ಫ್ರಾನ್ಸ್ ದೇಶದ ಜೀನ್ ಹೆನ್ರಿ ಫಾಬ್ರ್.

ಫಾಬ್ರನು 1823ರ ಡಿಸೆಂಬರ್ ತಿಂಗಳಿನಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯೋನ್ಸ್ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆತಾಯಿಗಳು ಬಡವರು. ಜೀವನೋಪಾಯಕ್ಕಾಗಿ ಊರಿಂದೂರಿಗೆ ಅಲೆಯುತ್ತಿದ್ದ ಆ ಕುಟುಂಬದಲ್ಲಿ ಬಾಲಕನ ವಿದ್ಯಾಭ್ಯಾಸ ಮೇಲಿಂದ ಮೇಲೆ ಕುಂಠಿತವಾಯಿತು. ಕೆಲವು ಕಾಲ ಅವನು ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದನು. ರೈಲುದಾರಿಯ ಕೆಲಸದಲ್ಲಿ ಕೂಲಿಯಾಗಿಯೂ ದುಡಿದನು. ಆದರೂ ಓದಿನ ಹಂಬಲ ಬತ್ತಲಿಲ್ಲ. ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಆವಿನ್ಯಾನ್ ನಗರದ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಿದ್ಯಾರ್ಥಿವೇತನ ಗಳಿಸಿದನು. 1842ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಕಾರ್ಪಾಂತ್ರಾ ಎಂಬ ಊರಿನಲ್ಲಿ ಉಪಾಧ್ಯಾಯನಾದನು.

ಒಮ್ಮೆ ಭೂಮಾಪನವನ್ನು ಕಲಿಸಲೆಂದು ಅವನು ವಿದ್ಯಾರ್ಥಿಗಳನ್ನು ಬಯಲಿಗೆ ಕರೆದೊಯ್ದನು. ಹುಡುಗರು ಅಳತೆಯ ಕೆಲಸವನ್ನು ಬಿಟ್ಟು, ಕಲ್ಲುಗಳ ಮೇಲೆ ಮಣ್ಣಿನ ಗೂಡು ಕಟ್ಟುವ ಜೇನೊಂದರ ಮಧುವನ್ನು ಹುಲ್ಲುಕಡ್ಡಿಯಿಂದ ಹೀರುತ್ತಿದ್ದರು. ಗುರು ಗದರಿಸಲಿಲ್ಲ, ತಾನೂ ಅವರೊಡನೆ ಸೇರಿಕೊಂಡನು. ಆ ಜೇನಿನ ಹೆಸರೇನು, ಅದರ ಬದುಕಿನ ಬಗೆ ಯಾವುದು ಎಂದು ತಿಳಿಯುವ ಆಸೆ ಅವನಲ್ಲಿ ಮೂಡಿತು. ಅದನ್ನು ತಿಳಿಸುವ ಗ್ರಂಥದ ಬೆಲೆ ಅವನ ಒಂದು ತಿಂಗಳ ಸಂಬಳದಷ್ಟಿತ್ತು. ಹಿಂದುಮುಂದು ನೋಡದೆ ಅವನು ಅದನ್ನು ಕೊಂಡನು. ಅಂದಿನಿಂದ ಕೀಟಗಳು ಅವನ ಬಾಳಿನ ಸಂಗಾತಿಗಳಾದವು.

ಮುಂದೆ ಕಾರ್ಸಿಕಾ ದ್ವೀಪದಲ್ಲಿಯೂ ಬಳಿಕ ಆವಿನ್ಯಾನಿನಲ್ಲಿಯೂ ಅವನು ಅಧ್ಯಾಪಕನಾಗಿದ್ದನು. ಸ್ವಂತ ಪರಿಶ್ರಮದಿಂದ ಪದವಿಗಳನ್ನು ಪಡೆದನು. ಆವಿನ್ಯಾನಿನಲ್ಲಿ ಸಂಜೆಯ ಹೊತ್ತು ಸಾರ್ವಜನಿಕರಿಗೆ ಉಚಿತ ಪಾಠಗಳನ್ನು ಹೇಳುತ್ತಿದ್ದನು. ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು. ಹೂವಿನಲ್ಲಿ ಪರಾಗಸ್ಪರ್ಶ ನಡೆಯುವ ರೀತಿಯನ್ನು ಅವರಿಗೆ ವಿವರಿಸಿದ್ದೇ ಸಂಪ್ರದಾಯಸ್ಥರ ದೃಷ್ಟಿಯಲ್ಲಿ ಮಹಾಪರಾಧವಾಯಿತು. ವಿರೋಧ ಬಲವಾಗಿ, ಅವನು ಕೆಲಸವನ್ನೂ ಬಾಡಿಗೆಯ ಮನೆಯನ್ನೂ ಕಳೆದುಕೊಂಡನು. ಹೆಂಡತಿ ಮಕ್ಕಳೊಡನೆ ಬೀದಿಗೆ ಬಿದ್ದ ಆ ಗಳಿಗೆಯಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟೂಅರ್ಟ್ ಮಿಲ್ 3,000 ಫ್ರಾಂಕ್‌ಗಳನ್ನು ಸಾಲವಾಗಿ ಕೊಟ್ಟು ನೆರವಾದನು. ಫಾಬ್ರನು ಒರಾಂಜ್ ಎಂಬ ಊರಿಗೆ ಹೋಗಿ, ಹಗಲಿರುಳು ಪಠ್ಯಪುಸ್ತಕಗಳನ್ನು ಬರೆದು ಆ ಸಾಲವನ್ನು ತೀರಿಸಿದನು. 1877ರಲ್ಲಿ ಅವನ ಪ್ರೀತಿಯ ಮಗ ಜೂಲ್ಸ್ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಕೀಟಗಳನ್ನು ಹುಡುಕುವುದರಲ್ಲಿ ತಂದೆಗೆ ಜೊತೆಗಾರನಾಗಿದ್ದ ಹುಡುಗನು ಅವನು.

1879ರಲ್ಲಿ ಫಾಬ್ರನು ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಕಲ್ಲುಮುಳ್ಳುಗಳ ಪಾಳುಭೂಮಿಯೊಂದನ್ನು ಕೊಂಡನು. ರೈತನಿಗೆ ಬೇಡವಾದ ಆ ನೆಲ ಕೀಟಗಳಿಗೆ ಸ್ವರ್ಗವಾಗಿತ್ತು. ಅದೇ ವರ್ಷ ಅವನ ಕೀಟಗ್ರಂಥದ ಮೊದಲ ಸಂಪುಟವು ಪ್ರಕಟವಾಯಿತು. ಅದರ ಮೊದಲ ಅಧ್ಯಾಯದ ನಾಯಕನು ಸಗಣಿ ಹುಳು!

ಸಗಣಿ ಹುಳು ಸ್ಕ್ಯಾರಬ್ ಎಂಬ ದೊಡ್ಡ ವಂಶಕ್ಕೆ ಸೇರಿದ್ದು. ಈ ವಂಶದಲ್ಲಿ 30,000ಕ್ಕೂ ಹೆಚ್ಚು ಜಾತಿಗಳಿವೆ. ಮೀಸೆಯ ತುದಿಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಪುಟ್ಟ ಎಸಳುಗಳು ಈ ವಂಶದ ಗುರುತು. ಫಾಬ್ರನು ರೂಪವನ್ನು ನೋಡಿದ್ದಲ್ಲದೆ ನಡತೆಯನ್ನೂ ಗಮನಿಸಿದನು. ಪವಿತ್ರ ಸ್ಕ್ಯಾರಬ್ ಎಂಬುದಕ್ಕೆ ತಲೆಯ ಅಂಚಿನಲ್ಲಿ ಆರು ಹಲ್ಲುಗಳಿವೆ. ಮುಂಗಾಲುಗಳಲ್ಲಿ ಪಾದಗಳೇ ಇಲ್ಲ. ಅದು ಉಂಡೆಯನ್ನು ಹಿಮ್ಮುಖವಾಗಿ ಉರುಳಿಸುತ್ತದೆ. ಸಿಸಿಫಸ್ ಎಂಬ ಚಿಕ್ಕ ಜಾತಿಯಲ್ಲಿ ಗಂಡು ಹೆಣ್ಣುಗಳೆರಡೂ ಕೂಡಿ ಉರುಳಿಸುತ್ತವೆ. ತಲೆಯ ಮೇಲೆ ಕೊಂಬುಳ್ಳ ಕಾಪ್ರಿಸ್ ಉರುಳಿಸುವುದೇ ಇಲ್ಲ. ಸಗಣಿಯ ಕೆಳಗೇ ಬಿಲ ತೋಡಿ, ಮರಿಗಳು ಬೆಳೆಯುವತನಕ ತಾಯಿ ಅಲ್ಲಿಯೇ ಕಾವಲಿರುತ್ತದೆ.

ಪ್ರಾಚೀನ ಈಜಿಪ್ಟಿನ ಜನರು ಉಂಡೆ ಉರುಳಿಸುವ ಈ ಹುಳುವನ್ನು ಸೂರ್ಯನನ್ನು ಉರುಳಿಸುವ ದೇವತೆಯ ಸಂಕೇತವೆಂದು ಪೂಜಿಸುತ್ತಿದ್ದರು. ಉರುಳುವ ಉಂಡೆಯೊಳಗೆ ಮೊಟ್ಟೆಯಿರುತ್ತದೆ ಎಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿತ್ತು. ಫಾಬ್ರನು ಎಷ್ಟೋ ಉಂಡೆಗಳನ್ನು ಒಡೆದು ನೋಡಿದನು. ಮೊಟ್ಟೆ ಸಿಗಲಿಲ್ಲ, ಆ ಉಂಡೆ ಹುಳುವಿನ ಊಟವಾಗಿತ್ತು. ಹಾಗಾದರೆ ಮೊಟ್ಟೆ ಎಲ್ಲಿ? ವರ್ಷಗಳು ಕಳೆದರೂ ಉತ್ತರ ದೊರೆಯಲಿಲ್ಲ. ಕೊನೆಗೊಂದು ದಿನ ಕುರಿ ಕಾಯುವ ತರುಣನೊಬ್ಬನು ನೆಲದೊಳಗೆ ಸಿಕ್ಕಿದ ಪುಟ್ಟ ವಸ್ತುವೊಂದನ್ನು ತಂದುಕೊಟ್ಟನು. ಅದು ಪೇರು ಹಣ್ಣಿನ ಆಕಾರದಲ್ಲಿತ್ತು. ಮೊಟ್ಟೆ ಅದರ ಕಿರಿದಾದ ಕತ್ತಿನಲ್ಲಿ ಅಡಗಿತ್ತು! 1897ರಲ್ಲಿ ಪ್ರಕಟವಾದ ಐದನೆಯ ಸಂಪುಟದಲ್ಲಿ ಫಾಬ್ರನು ಈ ಗುಟ್ಟನ್ನು ಲೋಕಕ್ಕೆ ತಿಳಿಸಿದನು. ಒಳಗೆ ಬೆಳೆದ ಹುಳು ಒಣಗಿ ಕಲ್ಲಾದ ಗೋಡೆಯನ್ನು ತಾನಾಗಿ ಒಡೆಯಲಾರದೆಂದೂ, ಮಳೆ ಬಂದು ಮೆತ್ತಗಾದ ಮೇಲೆಯೇ ಹೊರಬರುವುದೆಂದೂ ಪ್ರಯೋಗದಿಂದ ತೋರಿಸಿದನು.

ಇಲ್ಲೊಂದು ಸ್ವಾರಸ್ಯವಿದೆ. ಫಾಬ್ರನು ಪವಿತ್ರ ಸ್ಕ್ಯಾರಬ್ ಎಂದು ತಿಳಿದು ಪರೀಕ್ಷಿಸಿದ ಹುಳು ವಾಸ್ತವವಾಗಿ ಅದಲ್ಲ. ಅದನ್ನೇ ಹೋಲುವ ಟೈಫನ್ ಎಂಬ ಬೇರೊಂದು ಜಾತಿ ಎಂದು ಮುಂದಿನ ವಿದ್ವಾಂಸರು ಗುರುತಿಸಿದರು. ಹೆಸರಿಗಾಗಿ ತಿಂಗಳ ಸಂಬಳವನ್ನೇ ತೆತ್ತವನೂ ಹೆಸರಿನಲ್ಲಿ ಎಡವಿದನು. ಆದರೆ ಅವನು ಕಣ್ಣಾರೆ ಕಂಡು ಬರೆದ ಸಂಗತಿಗಳು ಸುಳ್ಳಾಗಲಿಲ್ಲ. ಹೆಸರನ್ನು ತಿದ್ದಬಹುದು, ನೋಡದೆ ಬರೆದುದನ್ನು ತಿದ್ದುವುದು ಹೇಗೆ?

ಹತ್ತು ಸಂಪುಟಗಳ ಆ ಗ್ರಂಥವು 1907ರಲ್ಲಿ ಪೂರ್ಣಗೊಂಡಿತು. ಕೀರ್ತಿ ಬಂದಾಗ ಫಾಬ್ರನು ಮುದುಕನಾಗಿದ್ದನು. 1915ರ ಅಕ್ಟೋಬರ್ 11ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅವನು ತನ್ನ ಕೀಟಗಳ ನಡುವೆಯೇ ಕಣ್ಣು ಮುಚ್ಚಿದನು. ಅವನಿಗೆ ದೊಡ್ಡ ಪ್ರಯೋಗಶಾಲೆ ಇರಲಿಲ್ಲ, ಸಿರಿಸಂಪತ್ತು ಇರಲಿಲ್ಲ. ಒಂದು ಭೂತಗನ್ನಡಿ, ಎರಡು ಕಣ್ಣುಗಳು, ಅಪಾರ ತಾಳ್ಮೆ ಇವೇ ಅವನ ಉಪಕರಣಗಳು. ಮುಂದಿನ ಸಲ ಬಯಲಿನಲ್ಲಿ ಸಗಣಿ ಹುಳು ಎದುರಾದಾಗ ಒಂದು ಗಳಿಗೆ ನಿಂತು ನೋಡಿರಿ.