ವೈನು ಬಪ್ಪು ಮತ್ತು ನಿಮ್ಮ ಮೊದಲ ದೂರದರ್ಶಕ

ಮಕ್ಕಳೇ, ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಕಮಠಾಣದಲ್ಲಿ ಮನೆಯ ಮಾಳಿಗೆ ಹತ್ತಿ ಆಕಾಶ ನೋಡಿದ್ದೀರಾ? ಉತ್ತರಕ್ಕೆ ಮುಖ ಮಾಡಿ ಕೈಯನ್ನು ಉದ್ದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಎರಡು ಮುಷ್ಟಿಗಿಂತ ತುಸು ಕಡಿಮೆ ಎತ್ತರದಲ್ಲಿ ಧ್ರುವ ನಕ್ಷತ್ರ ಇರುತ್ತದೆ.

ಸುಮಾರು ತೊಂಬತ್ತು ವರ್ಷಗಳ ಹಿಂದೆ ಹೈದರಾಬಾದಿನಲ್ಲಿ ಒಬ್ಬ ಹುಡುಗ ಹೆಚ್ಚುಕಡಿಮೆ ಇದೇ ಆಕಾಶವನ್ನು ನೋಡುತ್ತಾ ಬೆಳೆದ. ಆಗ ನಮ್ಮ ಬೀದರ ಜಿಲ್ಲೆಯೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಮುಂದೆ ಆತನ ಹೆಸರನ್ನು ಒಂದು ಧೂಮಕೇತುವಿಗೂ ಒಂದು ದೊಡ್ಡ ದೂರದರ್ಶಕಕ್ಕೂ ಇಟ್ಟರು. ಅವರೇ ಖಗೋಳ ವಿಜ್ಞಾನಿ ಮನಾಲಿ ಕಲ್ಲಟ್ ವೈನು ಬಪ್ಪು. ಮನೆಗೆ ಒಂದು ಪುಟ್ಟ ದೂರದರ್ಶಕ ತರಬೇಕೆಂಬ ಆಸೆ ನಿಮಗಿದ್ದರೆ ಇವರ ಬದುಕಿನ ಕಥೆ ಓದಿ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ವೀಕ್ಷಣಾಲಯದ ಹುಡುಗ

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ತಂದೆಗೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ. ಅಲ್ಲಿ 15 ಅಂಗುಲ, ಅಂದರೆ 38 ಸೆಂಟಿಮೀಟರ್ ವ್ಯಾಸದ ಮಸೂರವಿದ್ದ ದೂರದರ್ಶಕವಿತ್ತು. ಹೀಗಾಗಿ ಬಪ್ಪು ಅವರಿಗೆ ನಕ್ಷತ್ರಗಳ ಪರಿಚಯ ಚಿಕ್ಕಂದಿನಲ್ಲೇ ಆಯಿತು.

ಕೆಲವು ನಕ್ಷತ್ರಗಳ ಬೆಳಕು ಒಮ್ಮೆ ಹೆಚ್ಚುತ್ತದೆ, ಒಮ್ಮೆ ಕಡಿಮೆಯಾಗುತ್ತದೆ. ಇದು ಒಂದು ದಿನ ನೋಡಿದರೆ ಗೊತ್ತಾಗದು. ರಾತ್ರಿ ರಾತ್ರಿ ನೋಡಿ ಬರೆದಿಡಬೇಕು. ವಿದ್ಯಾರ್ಥಿಯಾಗಿದ್ದಾಗಲೇ ಬಪ್ಪು ಈ ಕೆಲಸಕ್ಕೆ ಕೈಹಾಕಿದರು. ತಾವು ಕಂಡದ್ದನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು.

ಧೂಮಕೇತು ಸಿಕ್ಕಿತು!

1949ರಲ್ಲಿ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಬಪ್ಪು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅದೇ ವರ್ಷ ಜುಲೈಯಲ್ಲಿ ಆಕಾಶದ ಒಂದು ಛಾಯಾಚಿತ್ರವನ್ನು ಪರೀಕ್ಷಿಸುವಾಗ ಹೊಸದೊಂದು ಧೂಮಕೇತು ಅವರ ಕಣ್ಣಿಗೆ ಬಿತ್ತು. ಗುರು ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕಿರ್ಕ್ ಜೊತೆಗಿದ್ದರು. ಆದ್ದರಿಂದ ಅದಕ್ಕೆ ಬಪ್ಪು-ಬಾಕ್-ನ್ಯೂಕಿರ್ಕ್ ಧೂಮಕೇತು ಎಂದು ಹೆಸರಾಯಿತು.

ಮುಂದೆ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯೊಂದಿಗೆ ಸೇರಿ ಮಹತ್ವದ ಸಂಶೋಧನೆ ಮಾಡಿದರು. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕ್ಯಾಲ್ಸಿಯಂನ ಒಂದು ಗೆರೆಯ ಅಗಲವನ್ನು ಅಳೆದರೆ, ಆ ನಕ್ಷತ್ರ ನಿಜಕ್ಕೂ ಎಷ್ಟು ಪ್ರಕಾಶಮಾನ ಎಂದು ತಿಳಿಯಬಹುದು. ಅದರಿಂದ ನಕ್ಷತ್ರದ ದೂರವನ್ನೂ ಲೆಕ್ಕಹಾಕಬಹುದು. 1957ರಲ್ಲಿ ಪ್ರಕಟವಾದ ಇದಕ್ಕೆ ವಿಲ್ಸನ್-ಬಪ್ಪು ಪರಿಣಾಮ ಎನ್ನುತ್ತಾರೆ.

ನಮ್ಮ ಕನ್ನಡಿ ನಾವೇ ಉಜ್ಜೋಣ

ಅಮೆರಿಕದಲ್ಲಿ ದೊಡ್ಡ ದೊಡ್ಡ ದೂರದರ್ಶಕಗಳಿದ್ದವು. ಆಗಷ್ಟೇ ಸ್ವತಂತ್ರವಾಗಿದ್ದ ಭಾರತದಲ್ಲಿ ಅಂಥದ್ದು ಒಂದೂ ಇರಲಿಲ್ಲ. ಆದರೂ ಬಪ್ಪು ತಾಯ್ನಾಡಿಗೆ ಮರಳಿದರು. ಮೊದಲು ಉತ್ತರ ಪ್ರದೇಶದ ವೀಕ್ಷಣಾಲಯವನ್ನು ಕಟ್ಟಿ ಬೆಳೆಸಿದರು. ಅದನ್ನು ವಾರಾಣಸಿಯಿಂದ ನೈನಿತಾಲ್ ಬೆಟ್ಟಕ್ಕೆ ಒಯ್ದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಕೊಡೈಕನಾಲಿನಲ್ಲಿ ನಡೆಯುತ್ತಿದ್ದುದು ಮುಖ್ಯವಾಗಿ ಸೂರ್ಯನ ಅಧ್ಯಯನ. ರಾತ್ರಿಯ ನಕ್ಷತ್ರಗಳಿಗೆ ಬೇರೆ ಜಾಗ ಬೇಕಿತ್ತು. ಊರಿನ ದೀಪಗಳು ದೂರವಿರಬೇಕು, ಮೋಡ ಕಡಿಮೆ ಇರಬೇಕು. ಬಪ್ಪು ಹುಡುಕಿ ಹುಡುಕಿ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು ಆರಿಸಿದರು.

ವಿದೇಶದಿಂದ ದೊಡ್ಡ ಯಂತ್ರ ಬರಲಿ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಕೊಡೈಕನಾಲಿನಲ್ಲೇ ತಯಾರಿಸಿದ 38 ಸೆಂಟಿಮೀಟರ್ ದೂರದರ್ಶಕದಿಂದ 1968ರಲ್ಲಿ ಕಾವಲೂರಿನಲ್ಲಿ ಕೆಲಸ ಆರಂಭಿಸಿದರು. 1972ರಲ್ಲಿ ಜರ್ಮನಿಯಿಂದ ತಂದ 1 ಮೀಟರ್ ದೂರದರ್ಶಕ ಅಲ್ಲಿಗೆ ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಸುತ್ತ ಉಂಗುರಗಳಿರುವುದು ಪತ್ತೆಯಾದಾಗ, ಅದರ ಗುರುತನ್ನು ದಾಖಲಿಸಿದ ದೂರದರ್ಶಕಗಳಲ್ಲಿ ಇದೂ ಒಂದು.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದವರೂ ಬಪ್ಪು ಅವರೇ. 2.34 ಮೀಟರ್ ಅಗಲದ ಕನ್ನಡಿಯ ದೂರದರ್ಶಕವನ್ನು ನಮ್ಮ ದೇಶದಲ್ಲೇ ಮಾಡಬೇಕು ಎಂಬುದು ಅವರ ಹಂಬಲ. ಅದರ ಕನ್ನಡಿಯನ್ನು ಬೆಂಗಳೂರಿನಲ್ಲೇ ಉಜ್ಜಿ ನಯಮಾಡಲಾಯಿತು. ಆದರೆ ಕೆಲಸ ಮುಗಿಯುವುದನ್ನು ನೋಡಲು ಬಪ್ಪು ಉಳಿಯಲಿಲ್ಲ. 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದರು. ವಯಸ್ಸು 55. 1986ರ ಜನವರಿಯಲ್ಲಿ ಆ ದೂರದರ್ಶಕಕ್ಕೆ ಅವರದೇ ಹೆಸರಿಡಲಾಯಿತು.

ಈಗ ನಿಮ್ಮ ಸರದಿ

38 ಸೆಂಟಿಮೀಟರ್, 1 ಮೀಟರ್, 2.34 ಮೀಟರ್. ಬಪ್ಪು ಪ್ರತಿ ಸಲವೂ ಹೆಚ್ಚಿಸಿದ್ದು ಏನನ್ನು? ಕನ್ನಡಿಯ ಅಗಲವನ್ನು! ಅಗಲವಾದ ಪಾತ್ರೆಯಲ್ಲಿ ಹೆಚ್ಚು ಮಳೆನೀರು ಬೀಳುವಂತೆ, ಅಗಲವಾದ ಕನ್ನಡಿ ಹೆಚ್ಚು ಬೆಳಕನ್ನು ಕೂಡಿಸುತ್ತದೆ.

ಮೇಜಿನ ಮೇಲಿಡುವ ಪುಟ್ಟ ದೂರದರ್ಶಕ ಕೊಳ್ಳುವಾಗಲೂ ಮೊದಲು ಕೇಳಬೇಕಾದದ್ದು ಇದನ್ನೇ. 76 ಮಿಲಿಮೀಟರ್ ಅಗಲದ ಕನ್ನಡಿ ನಿಮ್ಮ ಬರಿಗಣ್ಣಿಗಿಂತ ನೂರು ಪಟ್ಟಿಗೂ ಹೆಚ್ಚು ಬೆಳಕು ಕೂಡಿಸುತ್ತದೆ. 114 ಮಿಲಿಮೀಟರ್ ಕನ್ನಡಿ ಅದಕ್ಕಿಂತ ಎರಡೂಕಾಲು ಪಟ್ಟು ಹೆಚ್ಚು.

ಡಬ್ಬಿಯ ಮೇಲೆ 500 ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದಿದ್ದರೆ ಮರುಳಾಗಬೇಡಿ. ಅವ್ವ ಒಂದೇ ಉಂಡೆ ಜೋಳದ ಹಿಟ್ಟನ್ನು ತಟ್ಟುತ್ತಾ ಹೋದರೆ ರೊಟ್ಟಿ ದೊಡ್ಡದಾಗುತ್ತದೆ, ಆದರೆ ತೆಳುವಾಗಿ ಕೊನೆಗೆ ಹರಿಯುತ್ತದೆ. ಬೆಳಕೂ ಹಾಗೆಯೇ. ಇರುವಷ್ಟೇ ಬೆಳಕನ್ನು ಹಿಗ್ಗಿಸಿದರೆ ಬಿಂಬ ಮಸುಕಾಗುತ್ತದೆ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟೇ ಮಿತಿ. 76 ಮಿಲಿಮೀಟರ್ ಕನ್ನಡಿಗೆ ಸುಮಾರು 150 ಪಟ್ಟು. ಅದೂ ಗಾಳಿ ನಿಶ್ಚಲವಾಗಿದ್ದಾಗ ಮಾತ್ರ.

ಲೆಕ್ಕವನ್ನು ನೀವೇ ಮಾಡಬಹುದು. ಕನ್ನಡಿಯ ಸಂಗಮ ದೂರವನ್ನು ನೇತ್ರಕದ, ಅಂದರೆ ಕಣ್ಣಿಡುವ ಮಸೂರದ ಸಂಗಮ ದೂರದಿಂದ ಭಾಗಿಸಿ. 300ನ್ನು 20ರಿಂದ ಭಾಗಿಸಿದರೆ 15 ಪಟ್ಟು, 10ರಿಂದ ಭಾಗಿಸಿದರೆ 30 ಪಟ್ಟು. ಇಷ್ಟರಲ್ಲೇ ಚಂದ್ರನ ಕುಳಿಗಳು, ಗುರುವಿನ ನಾಲ್ಕು ಚಂದ್ರರು, ಕೃತ್ತಿಕೆಯ ಹತ್ತಾರು ನಕ್ಷತ್ರಗಳು ಕಾಣುತ್ತವೆ. ಶನಿಯ ಉಂಗುರಕ್ಕೆ 50 ಪಟ್ಟು ಇದ್ದರೆ ಚೆನ್ನ.

ಎರಡನೆಯದು ನಿಲುವು. ಸಣ್ಣಕಾಲಿನ ಅಲುಗಾಡುವ ಸ್ಟ್ಯಾಂಡ್ ಇದ್ದರೆ ಬಿಂಬ ಕುಣಿಯುತ್ತದೆ. ಪ್ಲಾಸ್ಟಿಕ್ ಮೇಜಿಗಿಂತ ಮನೆ ಮುಂದಿನ ಕಲ್ಲಿನ ಕಟ್ಟೆ ಮೇಲು. ಮೂರನೆಯದು ಜಾಗ. ಬೀದಿದೀಪದ ಬೆಳಕು ಬೀಳದ ಕಡೆ ಇಡಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು.

ಒಂದೇ ಮನೆಗೆ ಖರ್ಚು ಭಾರವಾದರೆ ಮೂರು-ನಾಲ್ಕು ಮನೆಯವರು ಸೇರಿ ಕೊಳ್ಳಬಹುದು. ಅಲ್ಲಿಯವರೆಗೆ ಬರಿಗಣ್ಣಿನಿಂದಲೇ ನಕ್ಷತ್ರಪುಂಜಗಳನ್ನು ಗುರುತಿಸಲು ಕಲಿಯಿರಿ. ಆಕಾಶದ ದಾರಿ ಗೊತ್ತಿಲ್ಲದವರಿಗೆ ಎಷ್ಟು ಒಳ್ಳೆಯ ದೂರದರ್ಶಕವಿದ್ದರೂ ಎತ್ತ ತಿರುಗಿಸಬೇಕೆಂದು ತಿಳಿಯುವುದಿಲ್ಲ.

ಎಚ್ಚರಿಕೆ: ದೂರದರ್ಶಕವನ್ನು ಎಂದೂ ಸೂರ್ಯನ ಕಡೆ ತಿರುಗಿಸಿ ನೋಡಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಕುರುಡಾಗುತ್ತದೆ. ಹಗಲಿನಲ್ಲಿ ಮುಚ್ಚಳ ಹಾಕಿಡಿ.

ಮಾಡಿ ನೋಡಿ: ಗುರುಗ್ರಹ ಕಾಣುವ ದಿನಗಳಲ್ಲಿ ನಾಲ್ಕು ರಾತ್ರಿ ಒಂದೇ ಹೊತ್ತಿಗೆ ಅದನ್ನು ನೋಡಿ. ನೋಟ್‌ಬುಕ್ಕಿನಲ್ಲಿ ಒಂದು ದೊಡ್ಡ ಸೊನ್ನೆ ಬರೆದು, ಅದರ ಅಕ್ಕಪಕ್ಕ ಕಂಡ ಚಂದ್ರರನ್ನು ಚುಕ್ಕಿಗಳಾಗಿ ಗುರುತಿಸಿ. ತಾರೀಖು, ಗಂಟೆ ಬರೆಯಿರಿ. ಚುಕ್ಕಿಗಳು ಜಾಗ ಬದಲಿಸಿವೆಯೇ? ಯಾವುದಾದರೂ ಮರೆಯಾಗಿದೆಯೇ? ಏಕೆ ಎಂದು ನಿಮ್ಮ ಗುರುಗಳೊಂದಿಗೆ ಚರ್ಚಿಸಿ.